ಗವರ್ನರ್ ಮಡದಿಯ ಸಂಬಳವಿಲ್ಲದ ಕೆಲಸ

ಅಮೆರಿಕದ ರಾಜ್ಯಗಳ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ನೇಮಕವಾಗಿ ಬರುವವರಲ್ಲ. ವೋಟು ಗೆದ್ದು ಬಂದು ಬಜೆಟ್ಟು, ಜೈಲು, ಶಾಲೆ, ಆಸ್ಪತ್ರೆಗಳನ್ನು ನಡೆಸುವವರು. ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಅವರ ಮಡದಿಗೆ ಮಾತ್ರ ಹುದ್ದೆಯಿಲ್ಲ, ಸಂಬಳವಿಲ್ಲ. ಬಂಗಲೆಯಲ್ಲಿ ಔತಣ ಏರ್ಪಡಿಸುವುದು, ಪ್ರಚಾರದಲ್ಲಿ ಗಂಡನ ಪಕ್ಕ ನಿಲ್ಲುವುದು, ಬಹುಕಾಲ ಅವರಿಂದ ಜನ ಬಯಸಿದ್ದು ಇಷ್ಟೇ.

ಈ ಚೌಕಟ್ಟು ಒಮ್ಮೆ ಒಡೆದದ್ದು ವಿಚಿತ್ರ ರೀತಿಯಲ್ಲಿ. 1917ರಲ್ಲಿ ಮಹಾಭಿಯೋಗಕ್ಕೊಳಗಾಗಿ ಅಧಿಕಾರ ಕಳೆದುಕೊಂಡ ಟೆಕ್ಸಸ್‌ನ ಜೇಮ್ಸ್ ಫರ್ಗೂಸನ್ ಹೆಂಡತಿ ಮಿರಿಯಮ್‌ರನ್ನು ಕಣಕ್ಕಿಳಿಸಿದರು. ಒಬ್ಬರ ಬೆಲೆಗೆ ಇಬ್ಬರು ಗವರ್ನರುಗಳು ಸಿಗುತ್ತಾರೆ ಎಂದೇ ಪ್ರಚಾರ ನಡೆಯಿತು. 1925ರಲ್ಲಿ ಆಕೆ ಅಧಿಕಾರ ವಹಿಸಿಕೊಂಡರು. 1997ರಲ್ಲಿ ಗಂಡನ ಬದಲಿಗೆ ಬಿಹಾರದ ಮುಖ್ಯಮಂತ್ರಿಯಾದ ರಾಬ್ಡಿ ದೇವಿಯವರನ್ನು ಕಂಡವರಿಗೆ ಈ ಕಥೆ ಹೊಸದೆನಿಸದು.

ನನಗೆ ಹೆಚ್ಚು ಮುಖ್ಯವೆನಿಸುವುದು ಎಲಿನಾರ್ ರೂಸ್ವೆಲ್ಟ್ ತುಳಿದ ದಾರಿ. 1929ರಿಂದ 1932ರವರೆಗೆ ಗಂಡ ಫ್ರಾಂಕ್ಲಿನ್ ನ್ಯೂಯಾರ್ಕ್ ಗವರ್ನರ್. ಪೋಲಿಯೊದಿಂದ ಕಾಲು ಸ್ವಾಧೀನ ತಪ್ಪಿದ್ದ ಅವರಿಗೆ ಸರ್ಕಾರಿ ಆಸ್ಪತ್ರೆಗಳ ಒಳಹೊಕ್ಕು ಸುತ್ತಲಾಗುತ್ತಿರಲಿಲ್ಲ; ಆ ಕೆಲಸ ಎಲಿನಾರ್ ಪಾಲಿಗೆ ಬಂತು. ಮೊದಮೊದಲು ಅವರು ಊಟದ ಪಟ್ಟಿ ಓದಿ ಬಂದು ಹೇಳುತ್ತಿದ್ದರಂತೆ. ಪಾತ್ರೆಯ ಮುಚ್ಚಳ ತೆಗೆದು ನೋಡಿದೆಯಾ ಎಂದು ಗಂಡ ಕೇಳಿದ ಮೇಲೆ ಅಡುಗೆಮನೆಗೇ ನುಗ್ಗತೊಡಗಿದರು. ಮಂಚಗಳ ನಡುವಿನ ಜಾಗ ನೋಡಿ ರೋಗಿಗಳನ್ನು ತುಂಬಿಸಿಟ್ಟಿದ್ದಾರೆಯೇ ಎಂದು ಊಹಿಸುವುದನ್ನೂ ಕಲಿತರು. ಇದರ ನಡುವೆ ನ್ಯೂಯಾರ್ಕ್ ನಗರದಲ್ಲಿ ಶಾಲೆಯ ಪಾಠವನ್ನೂ ಬಿಡಲಿಲ್ಲ.

ಅಲಬಾಮಾದ ಲರ್ಲಿನ್ ವಾಲೇಸ್ ಕಥೆ ಕರುಳು ಹಿಂಡುವಂಥದ್ದು. ಗಂಡ ಜಾರ್ಜ್ ಸತತ ಎರಡನೇ ಅವಧಿಗೆ ನಿಲ್ಲುವಂತಿರಲಿಲ್ಲವಾಗಿ 1966ರಲ್ಲಿ ಆಕೆ ನಿಂತು ಗೆದ್ದರು. ಆಕೆಗೆ ಕ್ಯಾನ್ಸರಿನ ಲಕ್ಷಣವಿದೆಯೆಂದು ವೈದ್ಯರು 1961ರಲ್ಲೇ ಗಂಡನಿಗೆ ಹೇಳಿದ್ದರು, ಆಕೆಗಲ್ಲ. ಬದಲಿ ಗೊಂಬೆ ಎನಿಸಿಕೊಂಡರೂ ಟಸ್ಕಲೂಸಾದ ಮಾನಸಿಕ ಆಸ್ಪತ್ರೆಯ ದುಃಸ್ಥಿತಿಯನ್ನು ಕಣ್ಣಾರೆ ಕಂಡು, ಅದರ ಸುಧಾರಣೆಗೆ ಹಣ ತರಲು ಪಟ್ಟು ಹಿಡಿದರು. 1968ರ ಮೇ ತಿಂಗಳಲ್ಲಿ, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಆಗ ವಯಸ್ಸು 41.

ಅದೇ 1966ರಲ್ಲಿ ಪಕ್ಕದ ಜಾರ್ಜಿಯಾದಲ್ಲಿ ಗಂಡ ಜಿಮ್ಮಿಯ ಪ್ರಚಾರಕ್ಕೆ ಹೊರಟ ರೋಸಲಿನ್ ಕಾರ್ಟರ್ ನಸುಕಿನಲ್ಲಿ ಗಿರಣಿಯ ಬಾಗಿಲಲ್ಲಿ ನಿಂತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದ ಹೆಂಗಸೊಬ್ಬರು, ಮಾನಸಿಕ ಅಸ್ವಸ್ಥ ಮಗಳನ್ನು ತಾನೂ ಗಂಡನೂ ಸರದಿಯಲ್ಲಿ ಕಾಯುತ್ತೇವೆ ಎಂದರು. 1971ರಲ್ಲಿ ಜಿಮ್ಮಿ ಗವರ್ನರ್ ಆದ ಮೇಲೆ ರೋಸಲಿನ್ ಮಾನಸಿಕ ಆರೋಗ್ಯ ಸುಧಾರಣಾ ಆಯೋಗದಲ್ಲಿ ದುಡಿದರು. ಆಸ್ಪತ್ರೆಯಲ್ಲಿ ಸ್ವಯಂಸೇವಕಿಯೂ ಆದರು.

ಅರ್ಕಾನ್ಸಾದ ಹಿಲರಿ ರಾಡಮ್ ವಕೀಲೆ. 1980ರಲ್ಲಿ ಗವರ್ನರ್ ಆಗಿದ್ದ ಗಂಡ ಬಿಲ್ ಕ್ಲಿಂಟನ್ ಚುನಾವಣೆಯಲ್ಲಿ ಸೋತಾಗ, ಹೆಂಡತಿ ಗಂಡನ ಹೆಸರು ಇಟ್ಟುಕೊಳ್ಳದ್ದೂ ಒಂದು ಕಾರಣವೆಂದು ಗೊಣಗಿದವರಿದ್ದರು. ಆಕೆ ಕ್ಲಿಂಟನ್ ಆದರು. ಬಿಲ್ ಮತ್ತೆ ಗವರ್ನರ್ ಆದ ಮೇಲೆ, 1983ರಲ್ಲಿ ಶಾಲಾ ಗುಣಮಟ್ಟ ಸಮಿತಿಯ ಅಧ್ಯಕ್ಷೆಯಾಗಿ 75 ಕೌಂಟಿಗಳಲ್ಲೂ ಅಹವಾಲು ಕೇಳಿದರು. ಹೆಸರು ಬಿಟ್ಟುಕೊಟ್ಟು ಗಳಿಸಿದ ಅವಕಾಶ ಎನ್ನಬೇಕೇನೋ.

2003ರಲ್ಲಿ ಮಿಶಿಗನ್‌ನಲ್ಲಿ ಜೆನಿಫರ್ ಗ್ರಾನ್‌ಹೋಮ್ ಗವರ್ನರ್ ಆದಾಗ ಈ ಸಂಬಳವಿಲ್ಲದ ಜಾಗಕ್ಕೆ ಗಂಡ ಡ್ಯಾನ್ ಮಲ್ಹರ್ನ್ ಬಂದರು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ನಟ ಶ್ವಾರ್ಜನೆಗರ್ ಗೆದ್ದರು. ಅವರ ಮಡದಿ, ಪತ್ರಕರ್ತೆ ಮರಿಯಾ ಶ್ರೈವರ್, ಮರುವರ್ಷ ಎನ್‌ಬಿಸಿಯ ಸುದ್ದಿಮನೆ ಬಿಡಬೇಕಾಯಿತು.