ನಾಲೆಯ ನೀರೂ ನಾಲ್ವರ ಮಾತೂ

ಮಂಡ್ಯ ತಾಲ್ಲೂಕಿನ ಹೋಬಳಿಗಳಲ್ಲಿ ಕೊತ್ತತ್ತಿಯೂ ಒಂದು. ಇಂದು ಆ ಕಡೆಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕಬ್ಬಿನ ಗದ್ದೆ, ಬತ್ತದ ಪೈರು, ತೆಂಗಿನ ಸಾಲು, ನಡುನಡುವೆ ಆಲೆಮನೆಯ ಹೊಗೆ. ಈ ಹಸುರು ಅನಾದಿಯಿಂದ ಇದ್ದುದೆಂದು ತಿಳಿಯುವುದು ಸುಲಭ. ಆದರೆ ನೂರು ವರ್ಷಗಳ ಹಿಂದೆ, ಕೆರೆಗಳ ಕೆಳಗಣ ತರಿಯನ್ನು ಬಿಟ್ಟರೆ, ಮಂಡ್ಯ ಸೀಮೆಯ ಬಹುಭಾಗವು ರಾಗಿ, ಹುರುಳಿ, ಅವರೆಗಳನ್ನು ಬೆಳೆಯುತ್ತಿದ್ದ ಬೆದ್ದಲಾಗಿದ್ದಿತು. ಆಕಾಶವನ್ನು ನೋಡಿಕೊಂಡು ಬಾಳಿದ ಆ ಜನಕ್ಕೆ ನಾಲೆಯ ನೀರು ಬಂದಾಗ ಅವರ ನಂಬಿಕೆಗಳೇನಾದುವು, ನೆರೆಹೊರೆಯವರ ಅಂಜಿಕೆಯೇನಾಯಿತು, ಆಟಪಾಟಗಳೇನಾದುವು ಎಂಬುದನ್ನು ನಾವು ಇಲ್ಲಿ ವಿಚಾರಮಾಡಬೇಕೆಂದಿದ್ದೇವೆ. ನೀರು ಬಂದರೆ ಹಣ, ಹಣ ಬಂದರೆ ವಿದ್ಯೆ, ವಿದ್ಯೆ ಬಂದರೆ ಹಳೆಯ ಕಟ್ಟುಗಳು ತಾವಾಗಿ ಸಡಿಲುವುವು ಎಂದು ಪಟ್ಟಣಿಗರಾದ ನಮ್ಮಲ್ಲಿ ಅನೇಕರು ನಂಬಿದ್ದುಂಟು. ಅದೂ ಒಂದು ನಂಬಿಕೆಯೇ; ಅದನ್ನೂ ಪರೀಕ್ಷಿಸಬೇಕಾಗಿದೆ.

ಮಳೆಯ ಕಾಲವನ್ನೇ ಮೊದಲು ನೋಡೋಣ. 1876ರಿಂದ 1878ರವರೆಗಿನ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು 10 ಲಕ್ಷ ಪ್ರಜೆಗಳು ಅಳಿದರು. ಹೀಗೆ ಒಂದು ಮಳೆ ತಪ್ಪಿದರೆ ಮನೆಯೇ ಖಾಲಿಯಾಗುವ ನಾಡಿನಲ್ಲಿ ಮಳೆಯನ್ನು ಕರೆಯುವ ಆಚಾರಗಳು ಬೆಳೆದುದು ಸಹಜ. ಹುಡುಗರು ಮಣ್ಣಿನಿಂದ ಮಳೆರಾಯನ ಮೂರ್ತಿಯನ್ನು ಮಾಡಿ, ಹಲಗೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೂ ಹೋಗುವರು. ಮನೆಯಾಕೆ ಅದರ ಮೇಲೆ ಒಂದು ಕೊಡ ನೀರು ಸುರಿದು, ರಾಗಿಹಿಟ್ಟನ್ನೋ ಕಾಳನ್ನೋ ನೀಡುವಳು. ಅದನ್ನು ಊರ ಹೊರಗೆ ಅಟ್ಟು ಎಲ್ಲರೂ ಉಣ್ಣುವರು. ಕಪ್ಪೆಗಳಿಗೆ ಮದುವೆಮಾಡುವ ವಾಡಿಕೆಯೂ ಇದ್ದಿತು. ಇವುಗಳಿಂದ ಮಳೆ ಬಂದಿತೋ ಇಲ್ಲವೋ, ಬರಗಾಲದಲ್ಲಿ ಯಾರ ಮನೆಯಲ್ಲಿ ಹಿಟ್ಟು ಉಳಿದಿದೆ, ಯಾರ ಮನೆಯಲ್ಲಿ ಇಲ್ಲವೆಂಬುದು ಊರಿಗೆಲ್ಲ ತಿಳಿಯುತ್ತಿದ್ದಿತು. ಪಟ್ಟಣದ ವಿದ್ಯಾವಂತರು ಈ ಆಚಾರಗಳನ್ನು ಕಂಡು ನಕ್ಕುದೇ ಹೆಚ್ಚು.

ವಿನೋದಗಳಿಗೂ ಮಳೆಯೇ ಪಂಚಾಂಗ. ರಾಗಿಯ ಕಣ ಮುಗಿದ ಮೇಲೆ ಮುಂಗಾರಿನವರೆಗೆ ಒಕ್ಕಲಿಗನಿಗೆ ಹೊಲದಲ್ಲಿ ಹೆಚ್ಚು ಕೆಲಸವಿಲ್ಲ. ಜಾತ್ರೆ, ಕೊಂಡ, ಕೋಲಾಟ, ಬಯಲಾಟ, ಗರಡಿಯ ಸಾಧನೆ ಎಲ್ಲವೂ ಆ ಬಿಡುವಿನ ತಿಂಗಳುಗಳಲ್ಲಿ. ಯುಗಾದಿಯ ಮರುದಿನದ ಹೊಸತೊಡಕಿನಲ್ಲಿ ಏನು ಮಾಡುವೆವೋ ವರ್ಷವೆಲ್ಲ ಅದೇ ನಡೆಯುವುದೆಂಬ ನಂಬಿಕೆ ಇಂದಿಗೂ ಉಂಟು. ಆದುದರಿಂದ ಆ ದಿನ ಬಾಡಿನ ಊಟ ತಪ್ಪುವುದಿಲ್ಲ. ಜೂಜಿನ ಎಲೆಯನ್ನು ಹಿಡಿಯುವವರೂ ಇದೇ ನಂಬಿಕೆಯನ್ನು ನೆಪಮಾಡಿಕೊಳ್ಳುವುದುಂಟು. ಸೋತವನು ವರ್ಷವೆಲ್ಲ ಸೋಲಬೇಕಲ್ಲವೆ ಎಂದು ಕೇಳಿದರೆ ಅವರು ಉತ್ತರ ಹೇಳುವುದಿಲ್ಲ.

ಕಾವೇರಿಗೆ ಕನ್ನಂಬಾಡಿಯಲ್ಲಿ ಅಣೆಕಟ್ಟನ್ನು ಕಟ್ಟುವ ಕಾರ್ಯ 1911ರಲ್ಲಿ ಆರಂಭವಾಯಿತು. ಹುಲಿಕೆರೆಯ ಬಳಿ ಗುಡ್ಡದಲ್ಲಿ ಸುರಂಗವನ್ನು ಕೊರೆದು, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಸಿದುದು 1930ರ ದಶಕದ ಮೊದಲಲ್ಲಿ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಾಲೆಯ ಹಿಂದೆಯೇ ಮಲೇರಿಯ ಜ್ವರವೂ ಬಂದಿತು. ಸರ್ಕಾರವು ಸೊಳ್ಳೆಗಳ ಮೇಲೆ ಯುದ್ಧ ಹೂಡಿತು, ಮಾರಮ್ಮನಿಗೆ ಹರಕೆಯೂ ನಿಲ್ಲಲಿಲ್ಲ. ಕಬ್ಬು ಸುಮಾರು ಹನ್ನೆರಡು ತಿಂಗಳ ಬೆಳೆ. ಅದಕ್ಕೆ ಬಿಡುವಿನ ಕಾಲವೆಂಬುದಿಲ್ಲ; ರಾತ್ರಿಯಾದರೂ ಸರದಿಯ ನೀರನ್ನು ಕಾಯಬೇಕು. ಮಳೆರಾಯನ ಮೆರವಣಿಗೆ ಹಿಂದೆ ಸರಿಯಿತು. ನಮ್ಮ ಪಟ್ಟಣಿಗರ ನಂಬಿಕೆ ಇಷ್ಟರಮಟ್ಟಿಗೆ ನಿಜವಾಯಿತೆಂದೇ ಹೇಳಬೇಕು.

ಅಲ್ಲಿಂದ ಮುಂದಿನ ಸಂಗತಿಗೆ ನಮಗೊಂದು ಒಳ್ಳೆಯ ಸಾಕ್ಷ್ಯವುಂಟು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಹಾವಳಿಯಿಂದ ಪಾರಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಇದ್ದು, ಅವುಗಳಿಗೆ ವಂಗಲ, ದಲೇನ ಎಂಬ ಕಲ್ಪಿತ ನಾಮಗಳನ್ನಿಟ್ಟು, 1962ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ವಂಗಲಕ್ಕೆ ನಾಲೆಯ ನೀರು ಬಂದಿತು. ದಲೇನ ಎತ್ತರದಲ್ಲಿದ್ದುದರಿಂದ ಸುತ್ತಲೂ ನೀರಾವರಿಯಾದರೂ ಅದಕ್ಕೆ ನೀರು ಹತ್ತಲಿಲ್ಲ. ಯಾವ ಊರು ಹೆಚ್ಚು ಬದಲಾಯಿತೆಂದು ಕೇಳಿದರೆ ವಂಗಲವೆಂದೇ ನಾವು ಹೇಳುತ್ತಿದ್ದೆವು. ಆಕೆ ಕಂಡುದು ಇದಕ್ಕೆ ವಿರುದ್ಧ. ನೀರಿಲ್ಲದ ದಲೇನದವರು ಮಂಡ್ಯದಲ್ಲಿ ಕೆಲಸ, ವ್ಯಾಪಾರ, ಗಿರಣಿಗಳನ್ನು ಹುಡುಕಿಕೊಂಡು ಹೊರಟರು. ಒಕ್ಕಲಿಗ ಮನೆಗೂ ಹಳೇಮಗನ ಮನೆಗೂ ಇದ್ದ ವಂಶಪಾರಂಪರ್ಯದ ಕಟ್ಟು ಅಲ್ಲಿ ಕಳಚಿತು. ಸಿರಿ ಬಂದ ವಂಗಲದಲ್ಲಿ ಎಲ್ಲರೂ ನೆಲಕ್ಕೇ ಅಂಟಿಕೊಂಡರು. ದುಡಿಯುವ ಕೈಗಳು ಮೊದಲಿಗಿಂತ ಹೆಚ್ಚು ಬೇಕಾದುವು, ಆ ಕಟ್ಟೂ ಉಳಿಯಿತು.

ಆ ಗ್ರಂಥದಲ್ಲಿ ಒಂದು ನಾಟಕದ ಪ್ರಸಂಗ ಬರುತ್ತದೆ. ಮಂಡ್ಯದ ಹಳ್ಳಿಗಳಿಗೆ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂಬುದನ್ನು ಬಲ್ಲವರೇ ಬಲ್ಲರು. ಹಾರ್ಮೋನಿಯಂ ಮೇಷ್ಟರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ಅಭ್ಯಾಸಮಾಡಿ, ಕಿರೀಟ, ಪರದೆಗಳನ್ನು ಬಾಡಿಗೆಗೆ ತಂದು ಆಡುವ ಆಟ ಅದು. ಪಾತ್ರಧಾರಿ ಸಂಬಳ ಪಡೆಯುವುದಿಲ್ಲ, ತಾನೇ ಹಣ ಕೊಡುತ್ತಾನೆ. ಕುರುಕ್ಷೇತ್ರದ ದುರ್ಯೋಧನನಿಗೆ ಬೆಲೆ ಹೆಚ್ಚು, ದೂತನಿಗೆ ಕಡಮೆ. ಹೆಣ್ಣುಪಾತ್ರಕ್ಕೆ ಮಾತ್ರ ಪಟ್ಟಣದಿಂದ ನಟಿಯನ್ನು ಕರೆತಂದು ಅವಳಿಗೆ ಸಂಭಾವನೆ ಕೊಡುವರು. ಊರ ಹೆಣ್ಣುಮಗಳು ರಂಗವನ್ನೇರುವುದನ್ನು ಯಾರೂ ಒಪ್ಪಲಾರರು. ವಂಗಲದ ಆದಿಕರ್ನಾಟಕರು ತಾವೂ ಒಂದು ನಾಟಕವನ್ನು ಆಡಹೊರಟರು. ನಾಟಕವೆಂದ ಮೇಲೆ ರಾಜನಿರಬೇಕು, ರಾಜನೆಂದ ಮೇಲೆ ಸಿಂಹಾಸನ. ಆದಿಕರ್ನಾಟಕನೊಬ್ಬನು ಮೇಲೆ ಸಿಂಹಾಸನದಲ್ಲಿ ಕುಳಿತು, ಒಕ್ಕಲಿಗರು ಕೆಳಗೆ ನೆಲದ ಮೇಲೆ ಕುಳಿತು ನೋಡುವುದು ಹೇಗೆ? ಊರಿನಲ್ಲಿ ಆಕ್ಷೇಪವೆದ್ದಿತು. ಒಕ್ಕಲಿಗರು ಒಗ್ಗಟ್ಟಾಗಿ ಅವರಿಗೆ ಕೂಲಿಯ ಕೆಲಸವನ್ನೇ ನಿಲ್ಲಿಸಿದರು.

ಬಣ್ಣ ತೊಳೆದರೆ ಇಳಿದುಹೋಗುವ ರಾಜತ್ವಕ್ಕೆ ಇಷ್ಟು ಭಯವೇಕೆ? ನಮಗೆ ತೋರುವಂತೆ, ಆಟವು ಬರಿಯ ಆಟವಲ್ಲವೆಂಬುದನ್ನು ಆ ಊರಿನ ಎರಡು ಪಕ್ಷದವರೂ ಪಂಡಿತರಿಗಿಂತ ಚೆನ್ನಾಗಿ ಅರಿತಿದ್ದರು. ಆಕ್ಷೇಪಿಸಿದವರಲ್ಲಿ ಎಲ್ಲರೂ ಕಠಿಣಹೃದಯರಾಗಿದ್ದರೆಂದು ನಾವು ಎಣಿಸುವುದಿಲ್ಲ. ಒಬ್ಬನು ಕೆಲಸ ಕೊಟ್ಟರೆ ಉಳಿದ ಒಕ್ಕಲಿಗರು ಅವನನ್ನು ಏನೆಂದಾರು ಎಂಬ ಅಂಜಿಕೆಯೇ ಕೆಲವರ ಕೈಯನ್ನು ಕಟ್ಟಿರಬೇಕು. ಇದೇ ಸೀಮೆಯ ಶಿವಪುರದಲ್ಲಿ, ಮದ್ದೂರಿನ ಬಳಿ, 1938ರ ಏಪ್ರಿಲ್ ತಿಂಗಳಿನಲ್ಲಿ ಸರ್ಕಾರದ ನಿಷೇಧವನ್ನು ಮೀರಿ ಜನರು ಧ್ವಜವನ್ನೇರಿಸಿದ್ದರು. ಪೊಲೀಸರ ಲಾಠಿಯನ್ನು ಎದುರಿಸುವ ಎದೆ ಈ ನಾಡಿನಲ್ಲಿ ಇಲ್ಲದಿರಲಿಲ್ಲ. ಜಗಲಿಯ ಮೇಲಣ ನಾಲ್ವರ ಮಾತನ್ನು ಎದುರಿಸುವುದು ಬೇರೆಯ ಕಾರ್ಯ.

ಇದು ಎಲ್ಲಕ್ಕಿಂತ ಹೆಚ್ಚಾಗಿ ಮದುವೆಯಲ್ಲಿ ಕಾಣುತ್ತದೆ. ಬೆದ್ದಲಿನ ಕಾಲದಲ್ಲಿ ಒಕ್ಕಲುಮಕ್ಕಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ತೆರ ಕೊಡುತ್ತಿದ್ದರು. ಕಳೆ ಕೀಳುವ, ನಾಟಿ ಹಾಕುವ, ಕುಯ್ಯುವ ಕೈಗಳು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದರಿಂದ ಅದಕ್ಕೊಂದು ಅರ್ಥವಿದ್ದಿತು. 1970ರಲ್ಲಿ ಎಪ್‌ಸ್ಟೈನ್ ವಂಗಲಕ್ಕೆ ಮರಳಿ ಬಂದಾಗ ಸಿರಿವಂತ ಒಕ್ಕಲಿಗರ ಮನೆಗಳಲ್ಲಿ ತೆರವು ಹೋಗಿ ವರದಕ್ಷಿಣೆ ಬಂದಿದ್ದಿತು. 1973ರ ಅವರ ಗ್ರಂಥ ಇದನ್ನು ಹೇಳುತ್ತದೆ. ಕಬ್ಬಿನ ಹಣ ಬಂದ ಮೇಲೆ ಹೆಂಗಸರು ಹೊಲಕ್ಕೆ ಹೋಗದಿರುವುದೇ ಮನೆತನದ ಮರ್ಯಾದೆಯಾಯಿತು. ಗಂಡುಮಕ್ಕಳು ಕಾಲೇಜು ಸೇರಿದರು. ಹೊಲದಲ್ಲಿ ದುಡಿಯದ ಹೆಣ್ಣಿಗೆ ತೆರವೇಕೆ, ಪದವೀಧರನಾದ ವರನಿಗೆ ಉಪಚಾರ ಬೇಡವೆ ಎಂದು ಲೆಕ್ಕವು ತಿರುವುಮುರುವಾಯಿತು. ಇದನ್ನು ಹಳ್ಳಿಯವರು ಎಲ್ಲಿಂದ ಕಲಿತರು? ಪಟ್ಟಣದಲ್ಲಿ ವರೋಪಚಾರವೆಂಬ ಸಂಸ್ಕೃತದ ಹೆಸರಿನಲ್ಲಿ ನಡೆಯುತ್ತಿದ್ದುದನ್ನು ನೋಡಿ ಕಲಿತರು. ಮಳೆರಾಯನನ್ನು ಕಂಡು ನಕ್ಕ ಮನೆಗಳೇ ಇದಕ್ಕೆ ಮೇಲ್ಪಂಕ್ತಿಯಾದುವು.

ಕಾನೂನು ಸುಮ್ಮನಿರಲಿಲ್ಲ. 1894ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ಎಂಟು ವರ್ಷಕ್ಕೆ ಒಳಗಿನ ಹುಡುಗಿಯರ ಮದುವೆಯನ್ನೂ, ಐವತ್ತನ್ನು ಮೀರಿದವರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ನಿಷೇಧಿಸಿದ್ದಿತು. 1961ರಲ್ಲಿ ವರದಕ್ಷಿಣೆಯ ನಿಷೇಧ, 1994ರಲ್ಲಿ ಗರ್ಭಸ್ಥ ಶಿಶುವಿನ ಲಿಂಗವನ್ನು ಪತ್ತೆಮಾಡುವುದರ ನಿಷೇಧ. ಕಾನೂನು ಬಂದಾಗಲೆಲ್ಲ ವ್ಯವಹಾರವು ಜಗಲಿಯಿಂದ ಒಳಮನೆಗೆ ಸರಿಯಿತು. ಮಗಳೆಂದರೆ ಸಾಲ, ಮಗನೆಂದರೆ ವಂಶ, ಚಿತೆಗೆ ಬೆಂಕಿಯಿಡುವವನು ಅವನೇ ಎಂಬ ಹಳೆಯ ನಂಬಿಕೆಗೆ ಹೊಸ ಯಂತ್ರವೂ ದೊರಕಿತು.

2023ರ ಕೊನೆಯಲ್ಲಿ ಹೆಣ್ಣುಭ್ರೂಣಗಳನ್ನು ಕೊಲ್ಲಿಸುತ್ತಿದ್ದ ಒಂದು ಕೂಟವನ್ನು ಬೆಂಗಳೂರಿನ ಪೊಲೀಸರು ಹಿಡಿದರು. ವಿಚಾರಣೆ ಅವರನ್ನು ಮಂಡ್ಯದ ಸೀಮೆಗೆ, ಕಬ್ಬಿನ ಗದ್ದೆಗಳ ನಡುವಣ ಒಂದು ಆಲೆಮನೆಗೆ ಕರೆತಂದಿತು. ಗರ್ಭಿಣಿಯರನ್ನು ಪರೀಕ್ಷಿಸುವ ಸ್ಕ್ಯಾನಿಂಗ್ ಯಂತ್ರವನ್ನು ಅಲ್ಲಿ ಇರಿಸಿಕೊಂಡು ಈ ವ್ಯಾಪಾರ ನಡೆಯುತ್ತಿದ್ದಿತು. ಬೆಲ್ಲದ ಕೊಪ್ಪರಿಗೆ ಇರಬೇಕಾದ ಜಾಗಕ್ಕೆ ಹೆಂಗಸರನ್ನು ಅವರ ಮನೆಯವರೇ ಕರೆದುಕೊಂಡು ಬರುತ್ತಿದ್ದರು.