ಇಟಲಿಯ ಶಾವಿಗೆ: ಒಂದು ಚರಿತ್ರೆ, ಒಂದು ಪ್ರವಾಸ

ಇಟಲಿಗೆ ಹೋಗಿ ಬಂದವರು ಸಾಮಾನ್ಯವಾಗಿ ರೋಮಿನ ಕೊಲೋಸಿಯಮ್, ಪೀಸಾದ ವಾಲುಗೋಪುರ, ವೆನಿಸ್ಸಿನ ದೋಣಿಗಳ ಬಗ್ಗೆ ಬರೆಯುತ್ತಾರೆ. ಅವುಗಳ ವರ್ಣನೆ ಈ ಪತ್ರಿಕೆಯ ಓದುಗರಿಗೆ ಹೊಸದೇನಲ್ಲ. ನಾವು ಇಲ್ಲಿ ಹೇಳಹೊರಟಿರುವುದು ಆ ದೇಶದ ಊಟದ ತಟ್ಟೆಯ ವಿಷಯ. ಅದರಲ್ಲೂ ಪಾಸ್ತಾ ಎಂಬ ಒಂದೇ ಪದಾರ್ಥದ ಚರಿತ್ರೆ. ಬರೀ ಕುತೂಹಲಕ್ಕಾಗಿ ಈ ಚರಿತ್ರೆಯನ್ನು ಕೆದಕಿದೆವೆಂದರೆ ಸುಳ್ಳಾದೀತು. ಎಪ್ಪತ್ತೆರಡು ವರ್ಷದ ನಮ್ಮ ತಾಯಿಯವರು ಹದಿನಾರು ದಿನ ಅಲ್ಲಿ ಏನು ಉಣ್ಣಬೇಕು ಎಂಬ ಚಿಂತೆಯೇ ನಮ್ಮನ್ನು ಇದಕ್ಕೆ ಹಚ್ಚಿತು.

ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಇಟಲಿ ಪ್ರವಾಸ ಹೇಗೆ ಕೈಗೂಡಿತೆಂದು ಓದುಗರು ಕೇಳಬಹುದು. ನಮ್ಮ ಶ್ರೀಮತಿಯ ತಮ್ಮ ಬೊಲೋನ್ಯಾ ನಗರದ ಯಂತ್ರ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವನ ಮನೆಯಲ್ಲಿ ವಸತಿ, ಆರು ವರ್ಷ ಕೂಡಿಟ್ಟ ಹಣದಲ್ಲಿ ವಿಮಾನದ ಚೀಟಿ, ಕಚೇರಿಯ ಅನುಮತಿ ಪತ್ರ, ಇಷ್ಟು ಒದಗಿದ ಮೇಲೆ 2024ರ ಮೇ ತಿಂಗಳಲ್ಲಿ ನಾವು ಐವರು ಪುಣೆಯಿಂದ ಹೊರಟೆವು. ತಾಯಿಯವರು ತಮ್ಮ ಪೆಟ್ಟಿಗೆಯಲ್ಲಿ ಅವಲಕ್ಕಿ, ಮೆಂತ್ಯದ ಹಿಟ್ಟು, ಚಟ್ನಿಪುಡಿಗಳ ಜೊತೆಗೆ ಬೇಸಿಗೆಯಲ್ಲಿ ತಾವೇ ಹೊಸೆದ ಒಂದು ಡಬ್ಬಿ ಶಾವಿಗೆಯನ್ನೂ ಇಟ್ಟುಕೊಂಡಿದ್ದರು. "ಅಲ್ಲೆ ಎಲ್ಲಾ ಅದನ್ನ ತಿಂತಾರ, ನೀನ್ಯಾಕ ಶಾವಿಗಿ ಒಯ್ತೀಯಜ್ಜಿ?" ಎಂದು ಮಗ ನಕ್ಕ. ಅವನ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂಬುದು ನಮಗೆ ಆಮೇಲೆ ತಿಳಿಯಿತು.

ತಲುಪಿದ ಮರುದಿನವೇ ಮೊದಲ ತೊಡಕು ಎದುರಾಯಿತು. ಪಕ್ಕದ ಮನೆಯ ಹಿರಿಯಾಕೆ, ಎಂಬತ್ತರ ಸಮೀಪದವರು, ಭಾರತದಿಂದ ಅತಿಥಿಗಳು ಬಂದರೆಂದು ತಮ್ಮ ಕೈಯಾರೆ ಲಟ್ಟಿಸಿ ಕೊಯ್ದ ತಾಲ್ಯತೆಲ್ಲೆಯನ್ನು ಬೆಣ್ಣೆ ಹಾಕಿ ತಂದುಕೊಟ್ಟರು. ಬಂಗಾರದ ರಿಬ್ಬನ್ನಿನಂತಹ ಅದರ ಬಣ್ಣ ನೋಡಿ ಮಕ್ಕಳು ಹಿಗ್ಗಿದರು. ತಾಯಿಯವರು ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ನಮ್ಮ ಭಾವಮೈದುನ ಅಡುಗೆಮನೆಯಿಂದ ಓಡಿಬಂದು, "ಅತ್ಯಾ, ಅದರಾಗ ತತ್ತಿ ಅದ" ಎಂದ. ಅವರು ಕೈಯಲ್ಲಿದ್ದುದನ್ನು ತಟ್ಟೆಗೆ ಇಳಿಸಿದರು. ಬಾಗಿಲಲ್ಲಿ ನಿಂತಿದ್ದ ಆ ಹಿರಿಯಾಕೆಯ ಮುಖ ಸಣ್ಣದಾಯಿತು. ರಾತ್ರಿ ಅವಲಕ್ಕಿ ಮೊಸರು ಉಂಡು ಮಲಗುವಾಗ ತಾಯಿಯವರು, "ಆಕಿ ಎಷ್ಟು ಪ್ರೀತಿಲೆ ಮಾಡ್ಯಾಳ. ನಾ ಒಲ್ಲೆ ಅಂದ್ರ ಆಕಿಗೆ ನೋವು, ಉಂಡ್ರ ನನಗ ನೋವು" ಎಂದು ಮಗ್ಗುಲಾದರು.

ಬೊಲೋನ್ಯಾದಲ್ಲಿ ತಾಲ್ಯತೆಲ್ಲೆ ಎಂದರೆ ಸಣ್ಣ ವಿಷಯವಲ್ಲ. ಬೆಂದ ಮೇಲೆ ಅದರ ಅಗಲ ಎಷ್ಟಿರಬೇಕೆಂಬುದನ್ನು 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಲಿಯಲ್ಲಿ ದಾಖಲು ಮಾಡಿಟ್ಟಿದ್ದಾರೆ: 8 ಮಿಲಿಮೀಟರ್, ಅಂದರೆ ಊರ ನಡುವಿನ ಆಸಿನೆಲ್ಲಿ ಗೋಪುರದ ಎತ್ತರದ 12,270ರಲ್ಲಿ ಒಂದು ಪಾಲು. ಗೋಪುರದ ಎತ್ತರ 97.2 ಮೀಟರ್. ಲೆಕ್ಕ ಮಾಡಿದರೆ 7.92 ಬರುತ್ತದೆ, ಕಚೇರಿಯ ಲೆಕ್ಕಪತ್ರದಲ್ಲಿ ಇಷ್ಟು ವ್ಯತ್ಯಾಸವನ್ನು ನಾವೂ ಮನ್ನಿಸುತ್ತೇವೆ. ಪಕ್ಕದ ಗರಿಸೆಂದಾ ಗೋಪುರದ ವಾಲಿಕೆ ಅಪಾಯದ ಮಟ್ಟ ಮುಟ್ಟಿದ್ದರಿಂದ 2023ರ ಅಕ್ಟೋಬರಿನಲ್ಲಿ ಎರಡನ್ನೂ ಮುಚ್ಚಿದ್ದರು. ನಾವು ಕೆಳಗಿನಿಂದಲೇ ಕತ್ತೆತ್ತಿ ನೋಡಿ ಬಂದೆವು.

ಈ ಪಾಸ್ತಾಕ್ಕೆ ತತ್ತಿ ಏಕೆ ಬೇಕು ಎಂಬ ಪ್ರಶ್ನೆಯಿಂದ ನಮ್ಮ ಶೋಧ ಆರಂಭವಾಯಿತು. ಪಡೆದದ್ದು ಬಿ.ಎಸ್ಸಿ. ಪದವಿ, ಮಾಡಿದ್ದು ಕಡತದ ಕೆಲಸ. ಕಲಿತದ್ದು ಉಪಯೋಗಕ್ಕೆ ಬಂದದ್ದು ಇಲ್ಲಿಯೇ ಎನ್ನಬೇಕು. ಉತ್ತರ ಇಟಲಿಯ ಪೋ ನದಿಯ ಬಯಲಿನಲ್ಲಿ ಬೆಳೆಯುವುದು ಮೆದು ಗೋಧಿ, ನಮ್ಮ ಚಪಾತಿಯ ಗೋಧಿಯ ಜಾತಿ. ಇದರ ಹಿಟ್ಟಿನ ಗ್ಲುಟೆನ್ ಅಷ್ಟು ಗಟ್ಟಿಯಲ್ಲ. ಆದ್ದರಿಂದ 100 ಗ್ರಾಂ ಹಿಟ್ಟಿಗೆ 1 ತತ್ತಿಯಂತೆ ಹಾಕಿ ನಾದಿ ಬಿಗಿ ತರುತ್ತಾರೆ; ಹಸಿಯಾಗಿರುವಾಗಲೇ ಬೇಯಿಸುತ್ತಾರೆ. ದಕ್ಷಿಣದ ಪುಲಿಯಾ, ಸಿಸಿಲಿಗಳ ಒಣ ಬಿಸಿಲಿನಲ್ಲಿ ಬೆಳೆಯುವುದು ಡ್ಯೂರಮ್ ಎಂಬ ಗಟ್ಟಿ ಗೋಧಿ. ಅದನ್ನು ಬೀಸಿದರೆ ಹಳದಿ ರವೆ ಬರುತ್ತದೆ. ಅದಕ್ಕೆ ನೀರು ಬಿಟ್ಟು ಬೇರೇನೂ ಬೇಡ. ಒಣಗಿಸಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಣ ಪಾಸ್ತಾವನ್ನು ಡ್ಯೂರಮ್ ರವೆಯಿಂದಲೇ ಮಾಡಬೇಕೆಂದು ಇಟಲಿ ದೇಶ 1967ರಲ್ಲಿ ಕಾನೂನನ್ನೇ ಮಾಡಿತು. ಹೊರದೇಶಗಳಿಂದ ಬರುವ ಮೆದು ಗೋಧಿಯ ಪಾಸ್ತಾವನ್ನು ಹೀಗೆ ತಡೆಯುವಂತಿಲ್ಲವೆಂದು 1988ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪಿತ್ತರೂ, ಇಟಲಿಯ ತಯಾರಕರು ಇಂದಿಗೂ ಆ ನಿಯಮ ಬಿಟ್ಟಿಲ್ಲ.

ಅಂದಮೇಲೆ ತಾಯಿಯವರ ಊಟ ದಕ್ಷಿಣದಲ್ಲಿತ್ತು. ನಾವು ರೈಲು ಹತ್ತಿ ನೇಪಲ್ಸಿನ ಕಡೆ ಹೊರಟೆವು.

ದಾರಿಯಲ್ಲಿ ಮಗಳು, "ಪಾಸ್ತಾ ಮಾಡೋದನ್ನ ಮಾರ್ಕೊ ಪೋಲೊ ಚೀನಾದಿಂದ ಕಲತು ಬಂದಿದ್ದಲ್ಲಪ್ಪಾ?" ಎಂದು ಕೇಳಿದಳು. ನಾವೂ ಹಾಗೆಯೇ ನಂಬಿದ್ದೆವು. ಆದರೆ ಇದು ಕಟ್ಟುಕತೆ. ಮಾರ್ಕೊ ಪೋಲೊ ವೆನಿಸ್ಸಿಗೆ ಮರಳಿದ್ದು 1295ರಲ್ಲಿ. ಅದಕ್ಕೆ 16 ವರ್ಷ ಮೊದಲೇ, 1279ರಲ್ಲಿ, ಜಿನೋವಾ ನಗರದ ನೋಟರಿಯೊಬ್ಬ ಸೈನಿಕನೊಬ್ಬನ ಆಸ್ತಿಯ ಪಟ್ಟಿ ಬರೆಯುವಾಗ ಒಂದು ಬುಟ್ಟಿ ತುಂಬ ಮ್ಯಾಕರೋನಿಯನ್ನೂ ನಮೂದಿಸಿದ್ದಾನೆ. ಆಸ್ತಿಯ ಪಟ್ಟಿಗೆ ಸೇರಬೇಕಾದರೆ ಅದು ಒಣಗಿಸಿ ಕಾಪಿಟ್ಟ, ಬೆಲೆಯುಳ್ಳ ಪದಾರ್ಥವಾಗಿರಬೇಕಷ್ಟೆ. ಮಾರ್ಕೊ ಪೋಲೊನ ಕತೆಯನ್ನು ಹಬ್ಬಿಸಿದ್ದು ಅಮೆರಿಕದ ಪಾಸ್ತಾ ತಯಾರಕರ ಪತ್ರಿಕೆ, 1929ರಲ್ಲಿ. ಗುಮಾಸ್ತನೊಬ್ಬ ಬರೆದಿಟ್ಟ ಪಟ್ಟಿ ಒಂದು ಜಗತ್ಪ್ರಸಿದ್ಧ ಕತೆಯನ್ನು ಸುಳ್ಳಾಗಿಸಿತೆಂಬುದು ನಮಗೆ ಸ್ವಲ್ಪ ಹೆಮ್ಮೆಯನ್ನೇ ತಂದಿತು.

ಇನ್ನೂ ಹಿಂದೆ ಹೋದರೆ ದಾರಿ ಅರಬರ ಕಡೆ ತಿರುಗುತ್ತದೆ. ಸಿಸಿಲಿಯ ದೊರೆ ಎರಡನೆಯ ರೋಜರನ ಆಸ್ಥಾನದಲ್ಲಿದ್ದ ಅಲ್ ಇದ್ರಿಸಿ ಎಂಬ ಭೂಗೋಳಜ್ಞ 1154ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ, ಪಾಲೆರ್ಮೊ ಬಳಿಯ ತ್ರಾಬಿಯಾ ಎಂಬ ಊರನ್ನು ಬಣ್ಣಿಸಿದ್ದಾನೆ. ಅಲ್ಲಿ ಹರಿಯುವ ನೀರಿನಿಂದ ತಿರುಗುವ ಗಿರಣಿಗಳಿದ್ದವು. 'ಇತ್ರಿಯಾ' ಎಂಬ ಪದಾರ್ಥವನ್ನು ಹೇರಳವಾಗಿ ತಯಾರಿಸಿ ಹಡಗುಗಟ್ಟಲೆ ಮುಸ್ಲಿಮ್ ಹಾಗೂ ಕ್ರೈಸ್ತ ನಾಡುಗಳಿಗೆ ಕಳಿಸುತ್ತಿದ್ದರು. ಇತ್ರಿಯಾ ಎಂದರೆ ಹಿಟ್ಟಿನ ಎಳೆ. ಈ ಶಬ್ದ ಸತ್ತಿಲ್ಲ. ಪುಲಿಯಾ ಪ್ರಾಂತದ ಲೆಚ್ಚೆ ಕಡೆ ಕಡಲೆಕಾಳು ಹಾಕಿ ಮಾಡುವ ಪಾಸ್ತಾಕ್ಕೆ ಇಂದಿಗೂ 'ಚಿಚೆರಿ ಎ ತ್ರಿಯಾ' ಎನ್ನುತ್ತಾರೆ. ಇದರಲ್ಲಿ ಒಂದು ಪಾಲು ಎಳೆಗಳನ್ನು ಎಣ್ಣೆಯಲ್ಲಿ ಕರಿದು ಮೇಲೆ ಉದುರಿಸುತ್ತಾರೆ.

ನೇಪಲ್ಸಿನ ದಕ್ಷಿಣಕ್ಕೆ, ಲತ್ತಾರಿ ಗುಡ್ಡಗಳ ಬುಡದಲ್ಲಿ ಗ್ರಾನ್ಯಾನೊ ಎಂಬ ಪುಟ್ಟ ಊರಿದೆ. ಪಾಸ್ತಾಕ್ಕೆ ಇದು ನಮ್ಮ ಧಾರವಾಡ ಪೇಢೆಗೆ ಇದ್ದಂತೆ. ಊರ ಮೇಲ್ಗಡೆಯ ಕಣಿವೆಯಲ್ಲಿ ಹಳೆಯ ನೀರುಗಿರಣಿಗಳ ಗೋಡೆಗಳು ಬಳ್ಳಿ ಹಬ್ಬಿಸಿಕೊಂಡು ನಿಂತಿವೆ. ಯಂತ್ರಗಳು ಬರುವ ಮುಂಚೆ ಪಾಸ್ತಾವನ್ನು ಬೀದಿಯಲ್ಲೇ ಬಿದಿರುಗಳುವಿನಂತಹ ಜೊಂಡಿನ ಕೋಲುಗಳ ಮೇಲೆ, ಸೀರೆ ಒಣಹಾಕಿದ ಹಾಗೆ, ತೂಗಹಾಕುತ್ತಿದ್ದರು. ಸಮುದ್ರದ ತೇವದ ಗಾಳಿ, ಗುಡ್ಡದ ಒಣ ಗಾಳಿ ಎರಡೂ ಅಲ್ಲಿ ಸರದಿಯ ಮೇಲೆ ಬೀಸುತ್ತವೆ.

ಒಣಗಿಸುವುದರಲ್ಲೇ ಎಲ್ಲ ಗುಟ್ಟೂ ಇದೆ. ಬಿಸಿಲಿಗೆ ಒಮ್ಮೆಲೇ ಹಾಕಿದರೆ ಮೇಲ್ಮೈ ಒಣಗಿ ಒಳಗಿನ ತೇವ ಹೊರಬರಲಾರದೆ ಎಳೆ ಸೀಳುತ್ತದೆ. ಆದ್ದರಿಂದ ಮೊದಲು ಸ್ವಲ್ಪ ಹೊತ್ತು ಬಿಸಿಲು, ಬಳಿಕ ತಂಪಾದ ನೆಲಮಾಳಿಗೆಯಲ್ಲಿ ವಿಶ್ರಾಂತಿ. ಒಳಗಿನ ತೇವ ನಿಧಾನವಾಗಿ ಹೊರಮೈಗೆ ಬಂದು ಮೆತ್ತಗಾದ ಮೇಲೆ ಮತ್ತೆ ಗಾಳಿ. ಹೀಗೆ ದಿನಗಟ್ಟಲೆ ನಡೆಯುತ್ತಿತ್ತು. ಕೊನೆಗೆ ಉಳಿಯುವ ತೇವ ಶೇಕಡಾ 12.5 ಮೀರಬಾರದೆಂಬುದು ಈಗಿನ ನಿಯಮ. ಇದನ್ನು ಭಾವಮೈದುನ ಓದಿ ಹೇಳುತ್ತಿದ್ದಂತೆ ತಾಯಿಯವರು ತಲೆಯಾಡಿಸಿ, "ಶಾವಿಗಿನೂ ಹಂಗ. ಕಡು ಬಿಸಲಿಗೆ ಹಾಕಿದ್ರ ಮುರಕಲಾಗ್ತದ, ನೆರಳಾಗ ಆರಬೇಕು" ಎಂದರು. ಅವರಿಗೆ ಇದನ್ನು ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ.

ನೇಪಲ್ಸಿನ ಜನ ಮೊದಲಿನಿಂದ ಪಾಸ್ತಾ ತಿನ್ನುವವರೇನಲ್ಲ. ಅವರು ಹೆಚ್ಚಾಗಿ ಸೊಪ್ಪು, ಕೋಸು ತಿನ್ನುತ್ತಿದ್ದುದರಿಂದ ಅವರಿಗೆ 'ಎಲೆತಿನ್ನುವವರು' ಎಂಬ ಅಡ್ಡಹೆಸರಿತ್ತು. 17ನೇ ಶತಮಾನದಲ್ಲಿ ನಾದುವ ಯಂತ್ರ, ಒತ್ತುವ ಯಂತ್ರಗಳು ಬಳಕೆಗೆ ಬಂದು ಪಾಸ್ತಾ ಅಗ್ಗವಾಯಿತು. ಸೊಪ್ಪು, ಮಾಂಸ ತುಟ್ಟಿಯಾದವು. ಶ್ರೀಮಂತರ ಭೋಜನವಾಗಿದ್ದುದು ಬಡವರ ಹೊಟ್ಟೆ ತುಂಬಿಸತೊಡಗಿ, ಅವರ ಅಡ್ಡಹೆಸರೂ 'ಮ್ಯಾಕರೋನಿ ತಿನ್ನುವವರು' ಎಂದು ಬದಲಾಯಿತು. 1787ರಲ್ಲಿ ಅಲ್ಲಿಗೆ ಬಂದಿದ್ದ ಜರ್ಮನ್ ಕವಿ ಗಯಟೆ, ಎಲ್ಲೆಲ್ಲೂ ಅಗ್ಗದ ಬೆಲೆಗೆ ಮ್ಯಾಕರೋನಿ ಸಿಗುತ್ತಿತ್ತೆಂದೂ, ನೀರಿನಲ್ಲಿ ಬೇಯಿಸಿ ಮೇಲೆ ತುರಿದ ಚೀಸ್ ಉದುರಿಸುತ್ತಿದ್ದರೆಂದೂ ಬರೆದಿದ್ದಾನೆ. ಬೀದಿಯಲ್ಲಿ ನಿಂತು ಕೈಯಿಂದಲೇ ಎತ್ತಿ ಬಾಯಿಗೆ ಇಳಿಸುವ ಜನರ ಚಿತ್ರಗಳನ್ನು ಇಂದಿಗೂ ಅಂಗಡಿಗಳಲ್ಲಿ ಮಾರುತ್ತಾರೆ. ಅದನ್ನು ನೋಡಿದ ಮೇಲೆ ನಮ್ಮ ತಾಯಿಯವರು ಮುಳ್ಳಿನ ಚಮಚವನ್ನು ನಿಶ್ಚಿಂತೆಯಿಂದ ಬದಿಗಿಟ್ಟರು.

ಓದುಗರು ಗಮನಿಸಿರಬಹುದು: ಇಲ್ಲಿ ಟೊಮ್ಯಾಟೊ ಸುದ್ದಿಯೇ ಇಲ್ಲ. ಅಮೆರಿಕದಿಂದ 16ನೇ ಶತಮಾನದಲ್ಲಿ ಬಂದ ಆ ಹಣ್ಣು ಪಾಸ್ತಾದ ಜೊತೆ ಸೇರಲು ಬಹಳ ಕಾಲ ಹಿಡಿಯಿತು. ನೇಪಲ್ಸಿನ ಇಪ್ಪೊಲಿತೊ ಕವಲ್ಕಾಂತಿ ತನ್ನ ಪಾಕಶಾಸ್ತ್ರದ ಪುಸ್ತಕದಲ್ಲಿ ಟೊಮ್ಯಾಟೊ ಹಾಕಿದ ಶಾವಿಗೆಯ ವಿಧಾನ ಬರೆದದ್ದು 1830ರ ದಶಕದ ಕೊನೆಗೆ. ಅಂದರೆ ಇಂದು ಇಟಲಿಯ ಗುರುತೇ ಆಗಿರುವ ಕೆಂಪು ಪಾಸ್ತಾ ಬಹಳ ಹಳೆಯದೇನಲ್ಲ. ಮೆಣಸಿನಕಾಯಿ ಇಲ್ಲದ ಧಾರವಾಡವನ್ನು ನಾವು ಹೇಗೆ ಊಹಿಸಲಾರೆವೋ, ಅವರೂ ಹಾಗೆಯೇ. ಎರಡೂ ಒಂದೇ ಖಂಡದಿಂದ ಬಂದ ಸೊಸೆಯರು.

ಗ್ರಾನ್ಯಾನೊದ ಒಂದು ಸಣ್ಣ ಖಾನಾವಳಿಯಲ್ಲಿ ನಾವು ಬೆಳ್ಳುಳ್ಳಿ ಬಿಟ್ಟು, ಚೀಸ್ ಬಿಟ್ಟು ಟೊಮ್ಯಾಟೊ ಪಾಸ್ತಾ ಕೇಳಿದೆವು. ಪಾರ್ಮಾದ ಹೆಸರಾಂತ ಚೀಸಿನಲ್ಲಿ ಹಾಲು ಒಡೆಯಲು ಕರುವಿನ ಜಠರದ ಸಾರ ಬಳಸುತ್ತಾರೆಂದು ತಿಳಿದಿದ್ದರಿಂದ ಈ ಎಚ್ಚರ. ಮೇಲೆ ಹಾಕಿದ್ದ ಎಲೆಯನ್ನು ಮೂಸಿ ತಾಯಿಯವರು, "ಇದು ಕಾಮಕಸ್ತೂರಿ!" ಎಂದರು. ಹೌದು, ಅವರ ಬಸಿಲಿಕೊ ನಮ್ಮ ಕಾಮಕಸ್ತೂರಿಯೇ. ಅಂದು ಅವರು ಐದು ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು. ನಮ್ಮ ಶ್ರೀಮತಿ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡದ್ದನ್ನು ನಾವು ನೋಡಿದೆವು.

ಅಲ್ಲಿಂದ ಬಾರಿ ಪಟ್ಟಣ. ಹಳೆಯ ಕೋಟೆಯ ಎದುರಿನ ಓಣಿಯಲ್ಲಿ ಹೆಂಗಸರು ಮನೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಒರೆಕ್ಕಿಯೆತ್ತೆ ಮಾಡುತ್ತಾರೆ. ಹೆಸರಿನ ಅರ್ಥ 'ಪುಟ್ಟ ಕಿವಿಗಳು'. ರವೆಯ ಕಣಕವನ್ನು ಬತ್ತಿ ಹೊಸೆದು, ತುಂಡು ಕೊಯ್ದು, ಚೂರಿಯ ಮೊನೆಯಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿದರೆ ಒಂದು ಕಿವಿ. ತಾಯಿಯವರು ನಿಂತಲ್ಲೇ ನಿಂತು, "ಇದು ನಮ್ಮ ಗವಲಿ, ಬಟವಿ ಮಾಡೋ ರೀತಿನ ಅಲ್ಲೇನೋ" ಎಂದರು. ಅಲ್ಲಿದ್ದಾಕೆ ಒಂದು ತುಂಡು ಕಣಕ ಕೊಟ್ಟು ಸನ್ನೆ ಮಾಡಿದರು. ತಾಯಿಯವರು ಬೆರಳ ತುದಿಯಲ್ಲಿ ಜೀರಿಗೆಯಷ್ಟು ಸಣ್ಣ ಗವಲಿ ಹೊಸೆದು ತೋರಿಸಿದರು. ಅಕ್ಕಪಕ್ಕದ ಮೇಜಿನವರೂ ಎದ್ದುಬಂದು ನೋಡಿದರು. ನಮ್ಮ ಮಗಳು ಅದನ್ನು ಹೊಸದೆಂಬಂತೆ ನೋಡುತ್ತ, "ಅಜ್ಜಿ, ಇದನ್ನ ಮನ್ಯಾಗ ಎಂದೂ ಮಾಡಿಲ್ಲಲ್ಲ?" ಎಂದು ಕೇಳಿದಳು. "ಯಾರು ಕೇಳಿದ್ರವ್ವಾ?" ಎಂದರು ತಾಯಿಯವರು. ಆ ಮಾತು ನಮಗೆ ಚುಚ್ಚಿತು. ಅವರ ಶಾವಿಗೆ ಮಣೆ ಒಂಬತ್ತು ವರ್ಷಗಳಿಂದ ನಮ್ಮ ಮನೆಯ ಅಟ್ಟದ ಮೇಲಿದೆ. ಡಬ್ಬಿಯಲ್ಲಿದ್ದ ಶಾವಿಗೆಯನ್ನು ಅವರು ಕೈಯಿಂದಲೇ, ಒಬ್ಬರೇ ಕೂತು ಹೊಸೆದಿದ್ದರು; ನಾವು ಯಾರೂ ಕೈಹಚ್ಚಿರಲಿಲ್ಲ.

ಇಟಲಿಯಲ್ಲೂ ಎಲ್ಲರೂ ಇದನ್ನು ಆದರಿಸಿದವರಲ್ಲ. 1930ರಲ್ಲಿ ಮರಿನೆತ್ತಿ ಎಂಬ ಕವಿ, ಪಾಸ್ತಾ ಜನರನ್ನು ಜಡರನ್ನಾಗಿ ಮಾಡುತ್ತದೆ, ಅದನ್ನು ಕೈಬಿಡಬೇಕೆಂದು ಘೋಷಣಾಪತ್ರ ಹೊರಡಿಸಿದ. ಜನ ಕೇಳಲಿಲ್ಲ. ಅದಕ್ಕೂ ಮುಂಚೆ 1880ರಿಂದ 1920ರ ಅವಧಿಯಲ್ಲಿ ಸುಮಾರು 40 ಲಕ್ಷ ಇಟಾಲಿಯನ್ನರು, ಬಹುಪಾಲು ದಕ್ಷಿಣದ ಬಡವರು, ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ವಲಸೆ ಹೋದರು. ಅವರಿಗಾಗಿ ನೇಪಲ್ಸಿನಿಂದ ಹಡಗುಗಳಲ್ಲಿ ಪಾಸ್ತಾ ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಅದು ನಿಂತಾಗ ಅಮೆರಿಕದಲ್ಲೇ ಕಾರ್ಖಾನೆಗಳು ಬೆಳೆದವು. ಊರು ಬಿಟ್ಟವರು ಊಟ ಬಿಡಲಿಲ್ಲ. ಅದರಿಂದಲೇ ಇಂದು ಜಗತ್ತಿಗೆಲ್ಲ ಅದರ ಹೆಸರು ಗೊತ್ತು. ಊರು ಬಿಟ್ಟು ಬಂದ ನಾವು ಇದನ್ನು ಯೋಚಿಸಬೇಕು.

ಮರಳಿ ಬೊಲೋನ್ಯಾಕ್ಕೆ ಬಂದಾಗ ತಾಯಿಯವರು ತಮ್ಮ ಡಬ್ಬಿ ತೆರೆದು ಶಾವಿಗೆ ಪಾಯಸ ಮಾಡಿ, ಪಕ್ಕದ ಮನೆಯ ಹಿರಿಯಾಕೆಗೆ ತಾವೇ ಒಯ್ದು ಕೊಟ್ಟರು. ಜೊತೆಗೆ ಒಂದು ಹಿಡಿ ಒಣ ಶಾವಿಗೆಯನ್ನೂ. ಆಕೆ ಎಳೆಗಳನ್ನು ಬೆಳಕಿಗೆ ಹಿಡಿದು, "ಕಪೆಲ್ಲಿನಿ!" ಎಂದು ಉದ್ಗರಿಸಿದರು. ಕೂದಲೆಳೆಯಂತಹ ಪಾಸ್ತಾಕ್ಕೆ ಅವರಲ್ಲಿ ಆ ಹೆಸರು. ಪಾಯಸದ ರುಚಿಯನ್ನು ಹೊಗಳಿದರು. ಆದರೆ ಸ್ವಲ್ಪ ತಡೆದು, ಪಾಸ್ತಾ ಹಲ್ಲಿಗೆ ಸಿಗುವಂತಿರಬೇಕು, ಇದು ಅತಿಯಾಗಿ ಬೆಂದಿದೆ ಎಂದು ಭಾವಮೈದುನನ ಮೂಲಕ ತಿಳಿಸಿದರು. ತಾಯಿಯವರು ನಕ್ಕು, "ಹಲ್ಲಿಲ್ಲದವರಿಗೂ ಸಿಗಬೇಕಲ್ಲ, ಅದಕ್ಕ" ಎಂದರು. ಅದನ್ನು ಅನುವಾದಿಸಿದಾಗ ಇಬ್ಬರೂ ಬಾಯಿತುಂಬ ನಕ್ಕರು. ಮರುದಿನ ಆಕೆ ತತ್ತಿಯಿಲ್ಲದ ಒಣ ಪಾಸ್ತಾವನ್ನು ಬರೀ ಟೊಮ್ಯಾಟೊ ಹಾಕಿ ಮಾಡಿ ತಂದರು.

ಪುಣೆಗೆ ಬಂದ ಮೇಲೆ ಇನ್ನೊಂದು ಸಂಗತಿ ತಿಳಿಯಿತು. ನಾವು ದಿನವೂ ಉಪ್ಪಿಟ್ಟಿಗೆ ಬಳಸುವ ಬನ್ಸಿ ರವೆ ಡ್ಯೂರಮ್ ಗೋಧಿಯದೇ. ಉತ್ತರ ಕರ್ನಾಟಕದಲ್ಲಿ ಹಿಂದಿನಿಂದ ಶಾವಿಗೆಗೆ ಬಳಸುತ್ತ ಬಂದ ಜವೆಗೋಧಿ ಡ್ಯೂರಮ್‌ನ ಹತ್ತಿರದ ಬಂಧು. ಎರಡರಲ್ಲೂ 28 ವರ್ಣತಂತುಗಳು, ಚಪಾತಿಯ ಗೋಧಿಯಲ್ಲಿ 42. ಹದಿನಾರು ದಿನ ಹುಡುಕಿದ ಕಾಳು ನಮ್ಮ ಅಡುಗೆಮನೆಯಲ್ಲೇ ಇತ್ತು.

ಶಾವಿಗೆ ಮಣೆಯನ್ನು ಅಟ್ಟದಿಂದ ಇಳಿಸಿ ಎಣ್ಣೆ ಹಚ್ಚಿದ್ದೇವೆ. ಒಂದು ಕಾಲು ಸಡಿಲವಾಗಿದೆ, ಬಡಿಗನನ್ನು ಹುಡುಕುತ್ತಿದ್ದೇವೆ. ಮಗಳು ಅಜ್ಜಿಯನ್ನು ಕೇಳಿ ಗವಲಿ, ಬಟವಿಗಳ ವಿಧಾನವನ್ನು ಒಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಸಂಘದ ಸದಸ್ಯರ ಮನೆಗಳಲ್ಲಿ ಇಂತಹ ಮಣೆಗಳಿದ್ದರೆ, ಇವನ್ನು ಬಲ್ಲ ಹಿರಿಯರಿದ್ದರೆ, ದಯವಿಟ್ಟು ತಿಳಿಸಬೇಕು. ಬರುವ ಬೇಸಿಗೆಯಲ್ಲಿ ಒಂದು ಭಾನುವಾರ ಎಲ್ಲರೂ ಕೂಡಿ ಶಾವಿಗೆ ಮಾಡೋಣ. ರವೆಯ ಖರ್ಚು ನಮ್ಮದು. ಒಣಗಿಸಲು ನೆರಳಿರುವ ಗಚ್ಚು ಇರುವವರು ಮಾತ್ರ ಮುಂದೆ ಬರಬೇಕು.