ಡಾಕ್ಟರ್ ನಾರ್ಮನ್ ಬೆಥೂನನ ಎರಡನೆಯ ಬಾಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತನ್ನು ನಮ್ಮಲ್ಲಿ ಎಳೆಯರಿಗೆ ಹೇಳುವುದು ವಾಡಿಕೆ. ತಲೆಯಲ್ಲಿ ನರೆಗೂದಲು ಕಾಣಿಸಿಕೊಂಡವನಿಗೆ ಆ ಮಾತನ್ನು ಹೇಳುವವರಿಲ್ಲ. ಅಂಥವನು ಇದ್ದ ಊರಿನಲ್ಲಿದ್ದು, ಗಳಿಸಿದ್ದನ್ನು ಕಾಪಾಡಿಕೊಂಡು, ಮಕ್ಕಳ ಮದುವೆಯ ಯೋಚನೆಯಲ್ಲಿರಬೇಕೆಂಬುದು ಲೋಕದ ಎಣಿಕೆ. ಕೆನಡಾ ದೇಶದ ಶಸ್ತ್ರವೈದ್ಯನಾದ ನಾರ್ಮನ್ ಬೆಥೂನನು 1938ರ ಜನವರಿ 8ರಂದು ವ್ಯಾಂಕೂವರ್ ಬಂದರಿನಲ್ಲಿ ಚೀನಕ್ಕೆ ಹೊರಟ ಹಡಗನ್ನೇರಿದಾಗ ಆತನಿಗೆ ನಾಲ್ವತ್ತೆಂಟು ತುಂಬಲು ಎರಡು ತಿಂಗಳಿದ್ದಿತು. ಕಾಪಾಡಿಕೊಳ್ಳಲು ಆತನ ಬಳಿ ಮನೆಯಿರಲಿಲ್ಲ, ಮಡದಿಯಿರಲಿಲ್ಲ, ಕೆಲಸವೂ ಉಳಿದಿರಲಿಲ್ಲ.

ಆತನು 1890ರ ಮಾರ್ಚ್ 4ರಂದು ಒಂಟಾರಿಯೋ ಪ್ರಾಂತದ ಗ್ರೇವನ್‌ಹರ್ಸ್ಟ್ ಎಂಬ ಸಣ್ಣ ಊರಿನಲ್ಲಿ ಕ್ರೈಸ್ತ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದನು. ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊರುವ ಕೆಲಸಕ್ಕೆ ಸೇರಿ ತಾನೇ ಗಾಯಗೊಂಡು ಹಿಂದಿರುಗಿ, 1916ರಲ್ಲಿ ವೈದ್ಯ ಪದವಿಯನ್ನು ಪಡೆದನು. ಆಮೇಲಿನ ಹತ್ತು ವರ್ಷಗಳ ಕಥೆ ಬುದ್ಧಿವಂತನೂ ಉಡಾಳನೂ ಆದ ಯುವಕನ ಕಥೆ, ವಿಸ್ತರಿಸಬೇಕಾದುದಿಲ್ಲ. 1926ರಲ್ಲಿ ಆತನಿಗೆ ಕ್ಷಯರೋಗ ತಗಲಿತು. ನ್ಯೂಯಾರ್ಕ್ ಸಂಸ್ಥಾನದ ಸರನಾಕ್ ಸರೋವರದ ಆರೋಗ್ಯಧಾಮದಲ್ಲಿ ಮಲಗಿಕೊಂಡು ಆತನು ಕುಟೀರದ ಗೋಡೆಗೆ ಹೊಂದಿಸಿದ ಉದ್ದನೆಯ ಹಾಳೆಯ ಮೇಲೆ ತನ್ನ ಬಾಳನ್ನೇ ಚಿತ್ರವಾಗಿ ಬರೆದನು. ತಾಯ ಗರ್ಭದಲ್ಲಿ ಮೊದಲಾಗುವ ಆ ಚಿತ್ರಮಾಲೆ ಮೃತ್ಯುದೇವತೆಯ ತೋಳಿನಲ್ಲಿ ಮುಗಿಯುತ್ತದೆ. ತಾನು 1932ರಲ್ಲಿ ಸಾಯುವೆನೆಂದು ಅದರಲ್ಲಿ ಆತನೇ ಗೊತ್ತುಮಾಡಿಕೊಂಡಿದ್ದನು.

ಸಾಯಲಿಲ್ಲ. ಎದೆಯ ಗೂಡಿನೊಳಕ್ಕೆ ಗಾಳಿಯನ್ನು ತುಂಬಿ ರೋಗ ತಗಲಿದ ಶ್ವಾಸಕೋಶವನ್ನು ಕುಗ್ಗಿಸುವ ಚಿಕಿತ್ಸೆಯೊಂದನ್ನು ಪುಸ್ತಕದಲ್ಲಿ ಓದಿ, ಅದು ಅಪಾಯಕರವೆಂದು ಹಿಂಜರಿದ ವೈದ್ಯರನ್ನು ಹಟಹಿಡಿದು ಒಪ್ಪಿಸಿ ಗುಣಹೊಂದಿದನು. ಹೀಗೆ ಮರಳಿ ಬಂದ ಪ್ರಾಣವನ್ನು ಎದೆಯ ಶಸ್ತ್ರಚಿಕಿತ್ಸೆಗೇ ಮುಡಿಪಾಗಿಟ್ಟನು. ಮಾಂಟ್ರಿಯಲ್ ನಗರದಲ್ಲಿ ಹೆಸರಾಯಿತು. ಪಕ್ಕೆಲುಬು ಕತ್ತರಿಸಲು ಆತನು ರೂಪಿಸಿದ ಕತ್ತರಿಯನ್ನು ಇತರ ಶಸ್ತ್ರವೈದ್ಯರೂ ಬಳಸಿದರು. ಆದರೆ ಹೆಸರಿನೊಡನೆ ಜಗಳವೂ ಬೆಳೆಯಿತು. ಫ್ರಾನ್ಸಿಸ್ ಎಂಬ ಒಬ್ಬಳೇ ಹೆಂಗಸನ್ನು ಆತನು ಎರಡು ಬಾರಿ ಮದುವೆಯಾಗಿ ಎರಡು ಬಾರಿಯೂ ಬಿಡಬೇಕಾಯಿತು. ಬಡವರ ಕ್ಷಯಕ್ಕೆ ಅವರ ಮನೆ, ಅವರ ಅನ್ನ, ಅವರ ಕೂಲಿ ಇವೇ ಕಾರಣವಾಗಿರುವಾಗ ಆಸ್ಪತ್ರೆಯಲ್ಲಿ ಕುಳಿತು ಎದೆ ಕೊಯ್ಯುವುದರಿಂದ ಏನಾಯಿತೆಂದು ಸಹವೈದ್ಯರನ್ನು ಕೇಳುತ್ತಿದ್ದನು. 1935ರಲ್ಲಿ ರಷ್ಯಾ ದೇಶವನ್ನು ನೋಡಿ ಬಂದು ಕಮ್ಯೂನಿಸ್ಟ್ ಪಕ್ಷವನ್ನು ಸೇರಿದನು. ಚಿಕಿತ್ಸೆಯ ಹೊಣೆಯನ್ನು ಸರಕಾರವೇ ಹೊರಬೇಕೆಂದು 1936ರಲ್ಲಿ ಕೆಲವರೊಡನೆ ಸೇರಿ ಹೂಡಿದ ಯೋಜನೆಗೆ ಯಾರೂ ಕಿವಿಗೊಡಲಿಲ್ಲ.

ಅದೇ ವರ್ಷ ಸ್ಪೇನ್ ದೇಶದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ನಾಲ್ವತ್ತಾರನೆಯ ವಯಸ್ಸಿನಲ್ಲಿ ಆಸ್ಪತ್ರೆಯ ಮುಖ್ಯ ಹುದ್ದೆಯನ್ನು ಬಿಟ್ಟುಕೊಟ್ಟು ಆತನು ನವೆಂಬರಿನಲ್ಲಿ ಮ್ಯಾಡ್ರಿಡನ್ನು ಸೇರಿದನು. ಗಾಯಾಳುಗಳು ರಕ್ತವಿಲ್ಲದೆ ದಾರಿಯಲ್ಲಿಯೇ ಸಾಯುವುದನ್ನು ಕಂಡು, ಊರಿನ ಜನರಿಂದ ರಕ್ತವನ್ನು ಪಡೆದು, ಸೀಸೆಗಳಲ್ಲಿ ತಂಪಾಗಿಟ್ಟು, ಮೋಟಾರಿನಲ್ಲಿ ಯುದ್ಧಭೂಮಿಗೆ ಕೊಂಡೊಯ್ಯುವ ಏರ್ಪಾಡನ್ನು ಮಾಡಿದನು. ಈ ಉಪಾಯವನ್ನು ಕಂಡುಹಿಡಿದವನೇ ಬೆಥೂನನೆಂದು ಕೆಲವರು ಬರೆಯುವುದುಂಟು, ಅದು ಸರಿಯಲ್ಲ. ಬಾರ್ಸೆಲೋನಾದಲ್ಲಿ ಡುರಾನ್ ಜೋರ್ಡಾ ಎಂಬ ವೈದ್ಯನು ಆತನಿಗಿಂತ ಮುಂಚೆಯೇ ಇಂಥ ಕೆಲಸವನ್ನು ಪ್ರಾರಂಭಿಸಿದ್ದನು. 1937ರ ಫೆಬ್ರುವರಿಯಲ್ಲಿ ಮಾಲಗಾ ಪಟ್ಟಣವು ಶತ್ರುವಶವಾಗಿ ಜನವೆಲ್ಲ ಕಡಲ ಕರೆಯ ದಾರಿಯಲ್ಲಿ ಅಲ್ಮೇರಿಯಾದ ಕಡೆಗೆ ಓಡುತ್ತಿದ್ದಾಗ, ಆತನು ರಕ್ತದ ಬಂಡಿಯನ್ನು ಬರಿದುಮಾಡಿ ಅದರಲ್ಲಿ ಮಕ್ಕಳನ್ನು ತುಂಬಿಕೊಂಡು ಮತ್ತೆ ಮತ್ತೆ ಸಾಗಿಸಿದನು.

ಇಷ್ಟಾದರೂ ಆತನ ಸ್ಪೇನಿನ ಸೇವೆ ಸುಖವಾಗಿ ಮುಗಿಯಲಿಲ್ಲ. ಕುಡಿತ ಹೆಚ್ಚಿತು, ಜೊತೆಯ ಸ್ಪೇನಿನ ವೈದ್ಯರೊಡನೆ ಹೊಂದಿಕೆ ತಪ್ಪಿತು. ಕಳುಹಿಸಿದವರೇ ಹಿಂದಕ್ಕೆ ಕರೆಸಿಕೊಂಡರು. ಹೊರದೇಶಕ್ಕೆ ಹೋದ ಮಾತ್ರಕ್ಕೆ ಮನುಷ್ಯನು ಬೇರೆಯವನಾಗುವನೆಂದು ತಿಳಿಯುವವರು ಈ ಭಾಗವನ್ನು ಓದಬೇಕು. ಊರಿನಲ್ಲಿ ಕಾಡಿದ ಸ್ವಭಾವವು ಹಡಗಿನಲ್ಲಿ ಆತನೊಡನೆಯೇ ಪ್ರಯಾಣಮಾಡಿತ್ತು.

ಕೆನಡಾದಲ್ಲಿ ಊರೂರು ತಿರುಗಿ ಸ್ಪೇನಿಗಾಗಿ ಹಣ ಕೂಡಿಸಿದನು. ಆ ವೇಳೆಗೆ ಜಪಾನು ಚೀನದ ಮೇಲೆ ಏರಿಹೋಗಿದ್ದಿತು. ಜೀನ್ ಯೂಯೆನ್ ಎಂಬ ದಾದಿಯೊಡನೆ ಹೊರಟು, ಹಾಂಕೌ ನಗರದ ಮೂಲಕ ಮಾರ್ಚ್ ಕೊನೆಗೆ ಯೆನಾನ್ ತಲುಪಿ, ಅಲ್ಲಿ ಮಾವೋನನ್ನು ಕಂಡು, ಬೇಸಗೆಯಲ್ಲಿ ಉತ್ತರದ ವೂಟಾಯ್ ಬೆಟ್ಟಗಳ ಸೀಮೆಗೆ ಹೋದನು. ಅಲ್ಲಿ ಎಂಟನೆಯ ದಂಡಿನ ಗಾಯಾಳುಗಳು ಹಳ್ಳಿಯ ಮಣ್ಣಿನ ಮನೆಗಳಲ್ಲಿ ಕೀವು ತುಂಬಿದ ಗಾಯಗಳೊಡನೆ ಬಿದ್ದಿದ್ದರು. ಕಲಿತ ವೈದ್ಯರೆಂಬವರು ಬೆರಳೆಣಿಕೆಯಷ್ಟೂ ಇರಲಿಲ್ಲ.

ಮೊದಲು ಆತನು ಮಾಡಿದುದು ತಪ್ಪೆಂದೇ ಹೇಳಬೇಕು. ಸೊಂಗ್ಯಾನ್‌ಕೌ ಎಂಬ ಹಳ್ಳಿಯಲ್ಲಿ ಜನರನ್ನು ಹುರಿದುಂಬಿಸಿ ಮಾದರಿ ಆಸ್ಪತ್ರೆಯೊಂದನ್ನು ಕಟ್ಟಿಸಿ 1938ರ ಸೆಪ್ಟೆಂಬರಿನಲ್ಲಿ ತೆರೆದನು. ಸ್ವಲ್ಪ ಕಾಲದಲ್ಲಿಯೇ ಜಪಾನೀ ಸೈನ್ಯ ಬಂದು ಅದನ್ನು ನಾಶಮಾಡಿತು. ಇಂದು ಇಲ್ಲಿ, ನಾಳೆ ಅಲ್ಲಿ ಎಂದು ಸರಿಯುವ ಯುದ್ಧದಲ್ಲಿ ನೆಲೆನಿಂತ ಆಸ್ಪತ್ರೆ ಉಳಿಯದೆಂಬುದನ್ನು ಆತನು ಒಪ್ಪಿಕೊಂಡನು. ಮಾಂಟ್ರಿಯಲ್ಲಿನ ಬೆಥೂನನು ಯಾರ ಮೇಲಾದರೂ ಕೋಪಗೊಳ್ಳುತ್ತಿದ್ದನೇನೋ! ಈಗ ಆತನು ಹೇಸರಗತ್ತೆಗಳನ್ನು ಹುಡುಕಿದನು. ಗೊಬ್ಬರ ಹೊರಿಸಲು ಆ ಸೀಮೆಯ ರೈತರು ಕತ್ತೆಯ ಬೆನ್ನಿಗೆ ಹೇರುವ ಬುಟ್ಟಿಗಳನ್ನು ಕಂಡು, ಅದೇ ಮಾದರಿಯಲ್ಲಿ ಮರದ ಪೆಟ್ಟಿಗೆಗಳನ್ನು ಬಡಗಿಗಳಿಂದ ಮಾಡಿಸಿದನು. ಶಸ್ತ್ರಗಳು, ಔಷಧ, ಪಟ್ಟಿಬಟ್ಟೆ ಎಲ್ಲವೂ ಅದರಲ್ಲಿ ಹಿಡಿಯುತ್ತಿದ್ದುವು. ಗಾಯಾಳು ವೈದ್ಯನ ಬಳಿಗೆ ಬರುವುದಲ್ಲ, ವೈದ್ಯನೇ ಗಾಯಾಳುವಿನ ಬಳಿಗೆ ಹೋಗಬೇಕೆಂಬುದು ಆತನ ನಿಯಮವಾಯಿತು. 1939ರ ಏಪ್ರಿಲಿನಲ್ಲಿ ಚೀಹುಯ್ ಎಂಬಲ್ಲಿ ನಡೆದ ಕಾಳಗದಲ್ಲಿ ಆತನ ತಂಡ 69 ಗಂಟೆಗಳಲ್ಲಿ 115 ಮಂದಿಗೆ ಶಸ್ತ್ರಚಿಕಿತ್ಸೆ ಮಾಡಿತು. ರಕ್ತ ಕೊಡಲು ಹಳ್ಳಿಗರು ಅಂಜಿದಾಗ ತಾನೇ ಮಲಗಿ ಮೊದಲು ತನ್ನ ರಕ್ತವನ್ನು ಕೊಟ್ಟನು. ಅನಂತರ ಕೊಡುವವರ ತಂಡವೇ ಸಿದ್ಧವಾಯಿತು. ರೈತರ ಮಕ್ಕಳಿಗೆ ಪಾಠ ಹೇಳಲು ಕೈಪಿಡಿಗಳನ್ನು ಬರೆದನು. ಚಿತ್ರಗಳನ್ನೂ ತಾನೇ ಬರೆದನು. ಸರನಾಕಿನಲ್ಲಿ ಸಾವನ್ನು ಬರೆದ ಕೈ ಇಲ್ಲಿ ಮುರಿದ ಕಾಲಿಗೆ ದಬ್ಬೆ ಕಟ್ಟುವ ಬಗೆಯನ್ನು ಬರೆಯುತ್ತಿತ್ತು.

ಆತನ ತಿಂಗಳ ಭತ್ಯ ನೂರು ಡಾಲರು. ಅದನ್ನು ಬೇಡವೆಂದು ಗಾಯಾಳುಗಳ ವೆಚ್ಚಕ್ಕೆ ಬಿಟ್ಟನು. 1938ರ ಆಗಸ್ಟಿನಲ್ಲಿ ಊರಿಗೆ ಬರೆದ ಪತ್ರವೊಂದರಲ್ಲಿ ಆತನು ತನ್ನ ಸ್ಥಿತಿಯನ್ನು ವಿವರಿಸಿದ್ದಾನೆ. ಬೆಳಗಿನ ಐದೂವರೆಯಿಂದ ರಾತ್ರಿ ಒಂಬತ್ತರವರೆಗೂ ಬಿಡುವಿಲ್ಲದ ಕೆಲಸ, ದಣಿವು ಬಹಳ. ಆದರೂ ಇಷ್ಟು ಸಂತೋಷದಿಂದ ಇದ್ದು ಎಷ್ಟೋ ಕಾಲವಾಯಿತೆಂದು ಬರೆದಿದ್ದಾನೆ. ಅದಕ್ಕೆ ಕೊಟ್ಟ ಕಾರಣ ಚಿಕ್ಕದು: ತನ್ನ ಅವಶ್ಯಕತೆ ಅಲ್ಲಿದೆ. ಒಬ್ಬ ಅಡಿಗೆಯವನು, ಶತ್ರುಗಳಿಂದ ಹಿಡಿದ ಜಪಾನೀ ಕುದುರೆಯೊಂದು, ಅದಕ್ಕೆ ಒಳ್ಳೆಯ ಜೀನು ಇವನ್ನೆಲ್ಲ ಐಶ್ವರ್ಯವೆಂಬಂತೆ ಎಣಿಸಿ ಹೇಳುತ್ತಾನೆ. ಈ ಸಂತೋಷವನ್ನು ವೈರಾಗ್ಯವೆಂದು ಭ್ರಮಿಸಬಾರದು. ಮುಂದಿನ ವರ್ಷದ ಪತ್ರದಲ್ಲಿ ಅದೇ ಮನುಷ್ಯನು ಕಾಫಿಗಾಗಿ, ಸೇಬಿನ ಕಜ್ಜಾಯಕ್ಕಾಗಿ, ಐಸ್‌ಕ್ರೀಮಿಗಾಗಿ ಹಂಬಲಿಸುತ್ತಾನೆ. ಲೋಕದಲ್ಲಿ ಇನ್ನೂ ಪುಸ್ತಕಗಳನ್ನು ಬರೆಯುತ್ತಿದ್ದಾರೆಯೇ, ಸಂಗೀತ ನುಡಿಸುತ್ತಿದ್ದಾರೆಯೇ ಎಂದು ಕೇಳುತ್ತಾನೆ. ಇಂಗ್ಲಿಷ್ ಮಾತನಾಡುವವನೆಂದರೆ ಹತ್ತಿರದಲ್ಲಿ ದುಭಾಷಿಯೊಬ್ಬನೇ. ಹಣವೂ ಪತ್ರಗಳೂ ಸರಿಯಾಗಿ ಬಾರದಿದ್ದುದರಿಂದ, ಒಮ್ಮೆ ಕೆನಡಾಕ್ಕೆ ಹೋಗಿ ಸಹಾಯ ಕೂಡಿಸಿ ಮರಳಬೇಕೆಂದು ನಿಶ್ಚಯಿಸಿದ್ದನು.

ಅಷ್ಟರಲ್ಲಿ ಜಪಾನೀಯರು ಮತ್ತೆ ಏರಿಬಂದರು, ಪ್ರಯಾಣ ನಿಂತಿತು. 1939ರ ಅಕ್ಟೋಬರ್ ಕೊನೆಯಲ್ಲಿ ಅವಸರದ ಶಸ್ತ್ರಚಿಕಿತ್ಸೆಯೊಂದರಲ್ಲಿ ಎಡಗೈಯ ಬೆರಳು ಕುಯ್ದಿತು. ರಬ್ಬರಿನ ಕೈಚೀಲಗಳಿರಲಿಲ್ಲ. ಕೆಲವು ದಿನಗಳಲ್ಲಿ ನಂಜು ರಕ್ತಕ್ಕೇರಿತು. ನವೆಂಬರ್ 12ರಂದು ಬೆಳಕು ಹರಿಯುವ ಮುನ್ನ, ಹ್ವಾಂಗ್‌ಶಿಕೌ ಹಳ್ಳಿಯ ರೈತನ ಮನೆಯಲ್ಲಿ ಆತನು ತೀರಿಕೊಂಡನು. ಸೇನಾಧಿಪತಿ ನಿಯೆ ರಾಂಗ್‌ಝೆನನಿಗೆ ಬರೆದ ಕೊನೆಯ ಪತ್ರದಲ್ಲಿ, ಕಳೆದ ಎರಡು ವರ್ಷಗಳೇ ತನ್ನ ಬಾಳಿನ ಅತ್ಯಂತ ಸುಖದ ಹಾಗೂ ಸಾರ್ಥಕದ ದಿನಗಳೆಂದು ತಿಳಿಸಿದ್ದಾನೆ. ಬಿಟ್ಟುಹೋದ ಹೆಂಡತಿಗೆ ಜೀವನಕ್ಕೆ ಏನಾದರೂ ಕೊಡಿಸಬೇಕೆಂದು ಬೇಡಿದ್ದಾನೆ. ಮಡಿಚುವ ಮಂಚಗಳನ್ನೂ ಬೂಟುಗಳನ್ನೂ ಇಂಥಿಂಥವರಿಗೆಂದು ಹಂಚಿದ್ದಾನೆ. ಮುಂದೆ ಚಳಿಜ್ವರಕ್ಕೆ ಎಷ್ಟು ಕ್ವಿನೈನು ಬೇಕು, ಅದನ್ನು ಯಾವ ಊರಿನಲ್ಲಿ ಕೊಂಡರೆ ಬೆಲೆ ದುಬಾರಿ ಎಂಬುದನ್ನೂ ಬರೆದಿದ್ದಾನೆ.

ಭಾರತದ ಕಾಂಗ್ರೆಸ್ಸು 1938ರ ಸೆಪ್ಟೆಂಬರ್ 1ರಂದು ಮುಂಬಯಿಯಿಂದ ಚೀನಕ್ಕೆ ಕಳುಹಿಸಿದ ಐವರು ವೈದ್ಯರಲ್ಲಿ ಅಟಲ್, ಚೋಳಕರ್ ಇಬ್ಬರೂ ನಡುವಯಸ್ಸನ್ನು ಮುಟ್ಟಿದವರೇ. ಅಟಲರು ಬೆಥೂನನಂತೆ ಸ್ಪೇನಿನಲ್ಲಿಯೂ ದುಡಿದು ಬಂದಿದ್ದರು. ಎಲ್ಲರಿಗಿಂತ ಹೆಚ್ಚು ಪ್ರಸಿದ್ಧರಾದವರು ಕಿರಿಯರಾದ ದ್ವಾರಕಾನಾಥ ಕೋಟ್ನೀಸರು. ಕನ್ನಡ, ಮರಾಠಿ, ತೆಲುಗು ಮೂರು ನುಡಿಗಳೂ ಕೇಳಿಬರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಅವರು ಆ ಬೆಟ್ಟದ ಸೀಮೆಯನ್ನು ಮುಟ್ಟುವ ವೇಳೆಗೆ ಬೆಥೂನನು ಇರಲಿಲ್ಲ. ಆತನ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಕೋಟ್ನೀಸರು ಮುಖ್ಯರಾದರು. 1942ರ ಡಿಸೆಂಬರ್ 9ರಂದು ಅವರೂ ಅಲ್ಲಿಯೇ ಕಣ್ಣುಮುಚ್ಚಿದರು. ಶಿಜಿಯಾಜ್ವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಇಬ್ಬರ ಸಮಾಧಿಗಳೂ ಇವೆ.